ಮಹಿಷಾಸುರ ಎಷ್ಟು ಗಂಟೆಗೆ ಬರಬೇಕು?

ಪುತ್ತೂರು ಕಡೆಯಲ್ಲಿ ಯಕ್ಷಗಾನದ ಆಟ ನೋಡಿ ಬಂದವನನ್ನು ಮನೆಯವರು ಮೊದಲು ಕೇಳುವುದು ‘ಪದ್ಯ ಯಾರದ್ದು?’ ಅಂತ, ಅಂದರೆ ಹಾಡಿದ ಭಾಗವತರು ಯಾರೆಂದು. ಅದು ಕಟೀಲು ಮೇಳದ ದೇವೀ ಮಹಾತ್ಮೆಯಾಗಿದ್ದರೆ ಎರಡನೆಯ ಪ್ರಶ್ನೆ ‘ಮಹಿಷಾಸುರ ಯಾರು?’ ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: ‘ಎಷ್ಟು ಗಂಟೆಗೆ ಬಂತು?’

ಈ ಮೂರನೆಯ ಪ್ರಶ್ನೆ ಮೊದಲು ಇರಲಿಲ್ಲ. ಮಹಿಷಾಸುರ ಬರುವುದು ನಡುರಾತ್ರಿ ಕಳೆದ ಮೇಲೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವ ವೇಷವಲ್ಲ. ಎಲ್ಲೋ ಹಿಂದಿನ ಕತ್ತಲೆಯಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಪುಡಿಯ ಭುಗಿಲಿನ ನಡುವೆ, ಕೂತವರ ಮಧ್ಯದಿಂದ ದಾರಿ ಮಾಡಿಕೊಂಡು ಆರ್ಭಟಿಸುತ್ತ ಬರಬೇಕು. ಚಾಪೆಯ ಮೇಲೆ ಮಲಗಿದ ಮಕ್ಕಳನ್ನು ಎಬ್ಬಿಸುವುದು ಆ ಹೊತ್ತಿಗೇ. 2022ರ ನವೆಂಬರಿನಲ್ಲಿ ಕಟೀಲಿನ ಆರೂ ಮೇಳಗಳು ಸಂಜೆ 5.45ಕ್ಕೆ ಆಟ ಶುರುಮಾಡಿ ರಾತ್ರಿ 10.30ಕ್ಕೆ ಮುಗಿಸುವುದೆಂದು ನಿರ್ಧಾರವಾದಾಗ ನಡುರಾತ್ರಿಯ ಮಹಿಷಾಸುರ ಊಟದ ಹೊತ್ತಿಗೇ ಬರಬೇಕಾಯಿತು. ಮಕ್ಕಳನ್ನು ಎಬ್ಬಿಸುವ ಕೆಲಸವೇ ಉಳಿಯಲಿಲ್ಲ.

ಕಾರಣ ಮೇಳದ್ದಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದಿಂದಲೇ ಶಬ್ದಮಾಲಿನ್ಯ ನಿಯಮ ಇತ್ತು. ಹಳ್ಳಿಯ ಗದ್ದೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. 2022ರ ಬೇಸಿಗೆಯಲ್ಲಿ ರಾಜ್ಯದಲ್ಲಿ ಧ್ವನಿವರ್ಧಕದ ಜಗಳ ಎದ್ದು ಮೇ ತಿಂಗಳಲ್ಲಿ ಸರಕಾರ ಸುತ್ತೋಲೆ ಹೊರಡಿಸಿದ ಮೇಲೆ ಹಳೆಯ ನಿಯಮಕ್ಕೆ ಹಲ್ಲು ಬಂತು. ಅದು ಬಂದು ಕಚ್ಚಿದ್ದು ಆಟವನ್ನು. ಭಕ್ತರು, ಅಭಿಮಾನಿಗಳು ಸೇರಿ ಬಜಪೆಯಿಂದ ಕಟೀಲಿಗೆ ಪಾದಯಾತ್ರೆ ಮಾಡಿದರು. ವಿಷಯ ಹೈಕೋರ್ಟಿಗೆ ಹೋಯಿತು. ಶಬ್ದದ ಮಿತಿ ಪಾಲಿಸಿ ಇಡೀ ರಾತ್ರಿ ಆಡುವುದಕ್ಕೆ 2023ರ ಜನವರಿಯಲ್ಲಿ ದಾರಿ ತೆರೆಯಿತು.

ಒಂದು ಪ್ರದರ್ಶನದ ವೇಳೆ ಬದಲಾದದ್ದಕ್ಕೆ ಜನ ಹೀಗೆ ಪಾದಯಾತ್ರೆ ಹೊರಡುವುದೆಂದರೆ ಹೊರಗಿನವರಿಗೆ ಅತಿಯೆನಿಸಬಹುದು. ಆದರೆ ಲೋಕದಲ್ಲಿ ಇದು ನಮ್ಮ ಊರಿಗೇ ಮೀಸಲಲ್ಲ. ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿಯವರ ಉದ್ಯಾನದಲ್ಲಿ ‘ಮಿಸ್ಟರ್ ಟೋಡ್’ ಎಂಬ ಕಪ್ಪೆರಾಯನ ಹೆಸರಿನ ಗಾಡಿ ಸವಾರಿಯೊಂದಿತ್ತು. ಅದನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿದ 1997ರಲ್ಲಿ ಅಭಿಮಾನಿಗಳು ಅಂಗಿಯ ಮೇಲೆ ಘೋಷಣೆ ಅಚ್ಚು ಹಾಕಿಸಿಕೊಂಡು ಹೋಗಿ ಧರಣಿಯಂತೆ ಸವಾರಿಯ ಹತ್ತಿರ ನಿಂತರು. 1998ರ ಸೆಪ್ಟೆಂಬರಿನಲ್ಲಿ ಕಂಪೆನಿ ಅದನ್ನು ಮುಚ್ಚಿಯೇಬಿಟ್ಟಿತು. ಅಲ್ಲಿ ಜನ ಟಿಕೆಟು ಕೊಳ್ಳುವವರು, ಸವಾರಿ ಕಂಪೆನಿಯದು. ಇಲ್ಲಿ ಆಟ ಯಾರದ್ದು? ಕಟೀಲಿನ ಅಮ್ಮನದ್ದು ಅನ್ನುತ್ತಾರೆ. ಖರ್ಚು ಕೊಡುವವನು ಹರಕೆ ಹೇಳಿಕೊಂಡ ಸೇವೆಕರ್ತ. ನೋಡುವವನು ಒಂದು ಪೈಸೆಯೂ ಕೊಡದ ಊರವನು. ಈ ಮೂವರ ನಡುವೆ ವೀಳ್ಯದ ಹಣ ಯಾರ ಕೈಯಿಂದ ಬರುತ್ತದೋ ಅದರ ಮೇಲೆ ಅಭಿಮಾನಿಯ ಸಿಟ್ಟಿನ ಬಣ್ಣ ತೀರ್ಮಾನವಾಗುತ್ತದೆ ಎಂಬುದು ನನ್ನ ಎಣಿಕೆ. ಪುತ್ತೂರು, ಸುಳ್ಯ ಮತ್ತು ಮೊನ್ನೆ ಮೊನ್ನೆಯವರೆಗೆ ಅವೆರಡರೊಳಗೇ ಇದ್ದ ಕಡಬದ ಆಟದ ಚರಿತ್ರೆಯನ್ನು ಹಾಗೆ ನೋಡಿದರೆ ಕೆಲವು ಗಂಟುಗಳು ಸಡಿಲವಾಗುತ್ತವೆ.

ದೊಂದಿ ಹೋಗಿ ಗ್ಯಾಸ್‌ಲೈಟು ಬಂದದ್ದು, ಗ್ಯಾಸ್‌ಲೈಟು ಹೋಗಿ ಟ್ಯೂಬು ಬಂದದ್ದು, ಮೈಕು ಬಂದದ್ದು, ಇವಕ್ಕೆಲ್ಲ ಗೊಣಗಾಟ ಆಗಿದೆ, ಪಾದಯಾತ್ರೆ ಆಗಿಲ್ಲ. ದೊಡ್ಡ ತಿರುವು ಡೇರೆ. ಕಳೆದ ಶತಮಾನದ ನಡುಭಾಗದಿಂದ ಕರ್ನಾಟಕ ಮೇಳ, ಸುರತ್ಕಲ್ ಮೇಳಗಳು ಗದ್ದೆಗೆ ಗೋಡೆ ಕಟ್ಟಿದವು. ಟಿಕೆಟು ಬಂತು. ಟಿಕೆಟಿನ ಜೊತೆಗೆ ನೋಡುಗನಿಗೆ ಹಿಂದೆಂದೂ ಇರದ ಒಂದು ಅಧಿಕಾರವೂ ಬಂತು: ಬಾರದೆ ಇರುವುದು. ಕಲೆಕ್ಷನ್ ಆಗದ ಪ್ರಸಂಗ ಮರುವರ್ಷ ಪೆಟ್ಟಿಗೆಯೊಳಗೆ. ಚೆನ್ನಾಗಿ ಓಡಿದ್ದು ಊರೂರಿಗೆ.

ಆ ಓಟದಲ್ಲಿ ಮುಂದೆ ನಿಂತದ್ದು ತುಳು ಪ್ರಸಂಗಗಳು. ಪಂದಬೆಟ್ಟು ವೆಂಕಟರಾಯರ ‘ಕೋಟಿ ಚೆನ್ನಯ’ ಅದಕ್ಕೆ ದಾರಿ ಹಾಕಿಕೊಟ್ಟಿತು. ಆ ಅವಳಿ ವೀರರು ಹುಟ್ಟಿದ ಪಡುಮಲೆ, ಅಳಿದ ಎಣ್ಮೂರು ಎರಡೂ ಈ ಮೂರು ತಾಲೂಕುಗಳ ಒಳಗೇ ಇವೆ. ಗರಡಿಯಲ್ಲಿ ತಾವು ಕೈಮುಗಿಯುವ ಆ ಬೈದೆರುಗಳನ್ನು ರಂಗಸ್ಥಳದಲ್ಲಿ ಕುಣಿಸುವುದೆಂದರೆ ಇಲ್ಲಿಯವರಿಗೆ ಅದು ಕಥೆಯಷ್ಟೇ ಆಗಲಾರದು. ಅವರಿಗೆ ಕಿರೀಟ ಕಟ್ಟಬೇಕೋ, ಪಗಡಿಯೋ? ಪುಂಡುವೇಷದ ಹಾಗೆ ದಿಗಿಣ ಹಾಕಬಹುದೋ? ನಮ್ಮ ಕಡೆಯ ತೆಂಕುತಿಟ್ಟಿನ ಆಹಾರ್ಯದಲ್ಲಿ ಇವಕ್ಕೆ ಉತ್ತರ ಇರಲಿಲ್ಲ. ಮೇಳಗಳು ನಾಟಕದ ಪೆಟ್ಟಿಗೆಯಿಂದ ಮಿನುಗುವ ಅಂಗಿಯನ್ನೂ ಮೀಸೆಯನ್ನೂ ಎರವಲು ತಂದವು. ಪುರಾಣ ಬಲ್ಲ ಹಿರಿಯರು ‘ಇದು ಆಟವೂ ಅಲ್ಲ, ನಾಟಕವೂ ಅಲ್ಲ’ ಎಂದರು. ಆಟಕ್ಕೆ ಬಾರದಿದ್ದವರು, ಕನ್ನಡ ಅರ್ಥಗಾರಿಕೆ ತಲೆಮೇಲಿಂದ ಹೋಗುತ್ತಿದ್ದವರು, ಹೆಂಗಸರು ಡೇರೆ ತುಂಬಿದರು. ಇಬ್ಬರೂ ಅಭಿಮಾನಿಗಳೇ. ಒಬ್ಬರ ಬೈಗುಳ ಇನ್ನೊಬ್ಬರ ಟಿಕೆಟಿನ ಮುಂದೆ ಸೋತಿತು, ಅಷ್ಟೆ. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಅಮೃತ ಸೋಮೇಶ್ವರರು ಈ ಜಗಳದಲ್ಲಿ ಪಕ್ಷ ಹಿಡಿಯುವ ಬದಲು ‘ಅಮರಶಿಲ್ಪಿ ವೀರ ಕಲ್ಕುಡ’ದಂಥ ಪ್ರಸಂಗ ಬರೆದರು. ಕಥೆ ತುಳುನಾಡಿನದಾದರೂ ಪದ್ಯದ ಕಟ್ಟು ಸಡಿಲವಾಗಬೇಕಿಲ್ಲ ಎಂದು ತೋರಿಸಿದ್ದೇ ಅವರ ವಾದ. 2024ರಲ್ಲಿ ಅವರು ತೀರಿಕೊಂಡಾಗ ಆ ನಾಟಕದ ಅಂಗಿಗಳ ಗಲಾಟೆ ಯಾರಿಗೂ ನೆನಪಿರಲಿಲ್ಲ.

ಪುತ್ತೂರಿಗೆ ಸಂಬಂಧಿಸಿದ ಇನ್ನೊಂದು ವಿಚಿತ್ರ ಇದೆ. ಯಕ್ಷಗಾನವನ್ನು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲರಿಗಿಂತ ಹೆಚ್ಚು ಬದಲಿಸಲು ಹೊರಟ ಮನುಷ್ಯ ದಶಕಗಟ್ಟಲೆ ಇದ್ದದ್ದು ಇಲ್ಲಿ, ಪರ್ಲಡ್ಕದ ಬಾಲವನದಲ್ಲಿ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆಮೇಲೆ ಅವರು ಮಾತನ್ನು ಕಡಿದು, ಪಿಟೀಲು ಸ್ಯಾಕ್ಸೊಫೋನು ಸೇರಿಸಿ, ಬ್ಯಾಲೆ ಮಾಡಿ ಹೊರದೇಶಗಳಲ್ಲಿ ಆಡಿಸಿದರು. ಮಾತಿಲ್ಲದ ಆಟವೆಂದರೆ ಅರ್ಥಗಾರಿಕೆಯನ್ನೇ ಉಸಿರಾಡುವ ನಮ್ಮೂರಿಗೆ ಉಪ್ಪಿಲ್ಲದ ಊಟ. ಆದರೂ ಇಲ್ಲಿ ದೊಡ್ಡ ವಿರೋಧ ಏಳಲಿಲ್ಲ. ಕಾರಂತರು ಮುಟ್ಟಿದ್ದು ಬಡಗುತಿಟ್ಟನ್ನು. ಹಾಡು, ವೇಷ, ಹೆಜ್ಜೆ ಎಲ್ಲವೂ ಬೇರೆಯಾದ ಆ ತಿಟ್ಟು ಪುತ್ತೂರಿನವರಿಗೆ ನೆಂಟರ ಮನೆಯ ಸಂಗತಿ. ಪಕ್ಕದ ಮನೆಯ ಜಗಲಿ ಕೆಡವಿದರೆ ನಾವು ನೋಡುತ್ತ ನಿಲ್ಲುತ್ತೇವೆ, ಅಳುವುದಿಲ್ಲ.

ನಮ್ಮ ಜಗಲಿಯಲ್ಲಿ ಕೈಯಿಟ್ಟವರು ಒಳಗಿನವರೇ. ಕುರಿಯ ವಿಠಲ ಶಾಸ್ತ್ರಿಗಳು ಭರತನಾಟ್ಯದ ಹೆಜ್ಜೆಗಳನ್ನು ತೆಂಕಿಗೆ ತಂದರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣನಿಗೂ ಕೌರವನಿಗೂ ವಕೀಲರಾಗಿ ನಿಂತು ಮಾತನ್ನು ಎಷ್ಟು ಬೆಳೆಸಿದರೆಂದರೆ, ಕುಣಿತ ಎಲ್ಲಿ ಹೋಯಿತೆಂದು ಹಳಬರು ಕೇಳಿದರು. ಕೇಳಿದವರೇ ಮಳೆಗಾಲದಲ್ಲಿ ಉಪ್ಪಿನಂಗಡಿಯ, ಬೊಳುವಾರಿನ ತಾಳಮದ್ದಳೆಗೆ ಹೋಗಿ ಅದೇ ಮಾತಿಗೆ ಕಿವಿಯೊಡ್ಡಿ ಕುಳಿತರು. ದಾಮೋದರ ಮಂಡೆಚ್ಚರು ಶಾಸ್ತ್ರೀಯ ಸಂಗೀತದ ರಾಗಗಳನ್ನು ಪದ್ಯಕ್ಕೆ ಸೇರಿಸಿದಾಗ ‘ಇದು ಕಚೇರಿ’ ಎಂಬ ಮಾತು ಬಂತು. ಇತ್ತ ಬಲಿಪ ನಾರಾಯಣ ಭಾಗವತರು ಏರುಶ್ರುತಿಯ ಹಳೆಯ ಮಟ್ಟುಗಳನ್ನು ಬಿಡದೆ ಹಾಡಿ 2023ರ ಫೆಬ್ರವರಿಯಲ್ಲಿ ಕಣ್ಮುಚ್ಚುವವರೆಗೂ ಒಂದು ಪಕ್ಷಕ್ಕೆ ಆಸರೆಯಾಗಿದ್ದರು. ಆ ಬಲಿಪರೇ ಐದು ರಾತ್ರಿ ಆಡುವಷ್ಟು ಉದ್ದದ ದೇವೀ ಮಹಾತ್ಮೆ ಬರೆದವರು ಎಂಬುದನ್ನು ಈಗ ಕಾಲಮಿತಿಯ ಗಡಿಯಾರದ ಮುಂದೆ ಕೂತು ನೆನೆಯಬೇಕು.

ಸುಳ್ಯದ ಕಲ್ಮಡ್ಕ ಕಡೆಯ ಪದ್ಯಾಣ ಗಣಪತಿ ಭಟ್ಟರು ಈ ಎರಡರ ನಡುವೆ ತಮ್ಮದೇ ಗತ್ತು ಕಂಡುಕೊಂಡವರು. ಸುರತ್ಕಲ್ ಮೇಳದ ಡೇರೆಯಲ್ಲಿ ಬೆಳೆದ ಆ ಸ್ವರಕ್ಕೆ ಮೇಳ ಮುಚ್ಚಿದ ಮೇಲೂ ಜನ ಹಿಂದೆ ಹಿಂದೆ ಬಂದರು. ಪುತ್ತೂರು ಶ್ರೀಧರ ಭಂಡಾರಿಯವರದ್ದು ಇನ್ನೊಂದು ಬಗೆಯ ಆಕರ್ಷಣೆ. ಅಭಿಮನ್ಯುವಾಗಿಯೋ ಬಬ್ರುವಾಹನನಾಗಿಯೋ ಅವರು ದಿಗಿಣಕ್ಕೆ ಇಳಿದರೆ ಪಡ್ಡೆಗಳು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ದಿಗಿಣ ಯುದ್ಧದ ಆವೇಶ ತೋರಿಸುವ ಕುಣಿತ; ಅದನ್ನು ಎಣಿಕೆಯ ಪಂದ್ಯ ಮಾಡಿದ್ದು ನೋಡುಗರು. ‘ಸಿಡಿಲಮರಿ’ ಎಂಬ ಬಿರುದು ಕೊಟ್ಟದ್ದೂ ಅವರೇ. ಅಂದರೆ ಅಭಿಮಾನಿ ಬರೀ ಬದಲಾವಣೆ ತಡೆಯುವವನಲ್ಲ, ಚಪ್ಪಾಳೆಯಿಂದ ಬದಲಾವಣೆ ಮಾಡಿಸುವವನೂ ಹೌದು. ಆ ಅಪರಾಧವನ್ನು ಮಾತ್ರ ಅವನು ಒಪ್ಪುವುದಿಲ್ಲ. ಭಂಡಾರಿಯವರೂ ಪದ್ಯಾಣರೂ 2021ರ ಒಂದೇ ವರ್ಷದಲ್ಲಿ ತೀರಿಹೋದರು.

ಬೈಗುಳವಿಲ್ಲದೆ ಒಳಬಂದ ಬದಲಾವಣೆಯೂ ಒಂದಿದೆ ಎಂದು ಹೇಳಬೇಕೆನಿಸುತ್ತದೆ, ಆದರೆ ಹಾಗೆ ಹೇಳಿದರೆ ಸುಳ್ಳಾದೀತು. ಮಧೂರಿನ ಲೀಲಾವತಿ ಮದುವೆಯಾಗಿ ಕಡಬಕ್ಕೆ ಬಂದು, ಮದ್ದಲೆಗಾರ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಪದ್ಯ ಕಲಿತು, ವೃತ್ತಿಮೇಳದಲ್ಲಿ ಜಾಗಟೆ ಹಿಡಿದ ಮೊದಲ ಮಹಿಳಾ ಭಾಗವತರಾದರು. ಗಂಡಸರ ಶ್ರುತಿಗೆ ಕಟ್ಟಿದ ಚೆಂಡೆಯ ಮುಂದೆ, ರಾತ್ರಿ ತಿರುಗಾಟದಲ್ಲಿ, ಹೆಂಗಸೊಬ್ಬಳು ಇಡೀ ಆಟ ನಡೆಸುವುದನ್ನು, ಬೈಗುಳದ ನಡುವೆಯೂ, ಕುತೂಹಲಕ್ಕೆಂದು ನೋಡಲು ಬಂದವರು ಪದ್ಯಕ್ಕೆಂದು ಉಳಿದರು. ಲೀಲಾವತಿಯವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಅವರು ಹೋದರು.

ಟಿ.ವಿ. ಬಂದು ಡೇರೆಗಳು ಮಡಚಿದ ಮೇಲೆ ಹಣದ ಚೀಲ ಮತ್ತೆ ಹರಕೆಯವರ ಕೈಗೆ ಹೋಯಿತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮನೆ ಒಕ್ಕಲು, ಮಗಳ ಮದುವೆ, ಕಾಯಿಲೆ ವಾಸಿ, ಯಾವುದಕ್ಕೂ ಆಟ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಬಿಚ್ಚುವವರೆಗೆ ಕಟೀಲು ಮೇಳಗಳಿಗೆ ಪುರುಸೊತ್ತಿಲ್ಲ. ಸೇವೆಯಾಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಈ ಏರ್ಪಾಟಿನಲ್ಲಿ ನೋಡುಗ ಬರದಿದ್ದರೂ ಆಟ ನಿಲ್ಲದು. ಡೇರೆ ಕೊಟ್ಟಿದ್ದ ಅಧಿಕಾರ ಹೀಗೆ ಅವನ ಕೈತಪ್ಪಿತು. ಟಿಕೆಟಿನ ಮೂಲಕ ಹೇಳಲಾಗದ್ದನ್ನು ಅವನು ಬೇರೆ ದಾರಿಯಲ್ಲಿ ಹೇಳಬೇಕಾಯಿತು. 2019ರ ನವೆಂಬರಿನಲ್ಲಿ ಭಾಗವತ ಪಟ್ಲ ಸತೀಶ ಶೆಟ್ಟಿಯವರು ಕಟೀಲಿನ ರಂಗಸ್ಥಳದಿಂದ ಆಟದ ನಡುವೆಯೇ ಇಳಿಯಬೇಕಾಗಿ ಬಂದಾಗ ಜನ ಬೀದಿಯಲ್ಲೂ ಮೊಬೈಲಿನಲ್ಲೂ ಗದ್ದಲ ಎಬ್ಬಿಸಿದರು. ಮರುವರ್ಷ ಅವರ ಸುತ್ತ ಪಾವಂಜೆ ಮೇಳ ಹುಟ್ಟಿತು, ಅದೂ ಕಾಲಮಿತಿಯ ಮೇಳ! 2022ರಲ್ಲಿ ಇಡೀ ರಾತ್ರಿಗಾಗಿ ನಡೆದ ಕಾಲುಗಳಲ್ಲಿ ಪಾವಂಜೆಯ ಐದು ತಾಸಿಗೆ ಚಪ್ಪಾಳೆ ತಟ್ಟಿದ ಕೈಗಳ ಒಡೆಯರೂ ಇದ್ದಿರಬೇಕು. ಇದನ್ನು ದ್ವಂದ್ವ ಅನ್ನುವವರಿದ್ದಾರೆ. ನನಗೆ ಹಾಗನಿಸದು. ಪಾವಂಜೆಯದ್ದು ಕಲಾವಿದ ಕಟ್ಟಿದ ಪ್ರದರ್ಶನ, ಅದಕ್ಕೆ ಹೊತ್ತು ಗೊತ್ತುಮಾಡುವ ಹಕ್ಕು ಅವನದ್ದು. ಕಟೀಲಿನದ್ದು ಹೇಳಿಕೊಂಡ ಹರಕೆ. ‘ಇಡೀ ರಾತ್ರಿ ಆಡಿಸುತ್ತೇನೆ’ ಎಂದು ದೇವಿಯ ಮುಂದೆ ನುಡಿದ ಮೇಲೆ ಹತ್ತೂವರೆಗೆ ಮಂಗಳ ಹಾಡಿದರೆ ಮಾತಿನಲ್ಲಿ ಅರ್ಧ ಬಾಕಿ ಉಳಿಯುತ್ತದೆ.

ಕಾಲಮಿತಿ ಹೊಸದೇನೂ ಅಲ್ಲ. ಉತ್ತರ ಕನ್ನಡದಲ್ಲಿ ಕೆರೆಮನೆ ಶಂಭು ಹೆಗಡೆಯವರು ಅದನ್ನು ಎಷ್ಟೋ ಮುಂಚೆ ಆಡಿ ತೋರಿಸಿದ್ದರು. ಧರ್ಮಸ್ಥಳ ಮೇಳವೂ ಕಟೀಲಿಗಿಂತ ಮೊದಲೇ ಆ ಹಾದಿ ಹಿಡಿದಿತ್ತು. ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳವಂತೂ ಹುಟ್ಟಿದ್ದೇ ಹಾಗೆ. ಹೊಸನಗರ ಮೇಳ, ಎಡನೀರು ಮೇಳ ಎಂದು ಹೆಸರು ಬದಲಿಸುತ್ತ ಬಂದ ತಂಡದ ಮುಂದುವರಿಕೆ ಅದು. ಬೋರ್ಡು ಬದಲಾದದ್ದಕ್ಕೆ ಅಭಿಮಾನಿಗಳು ತಲೆ ಕೆಡಿಸಿಕೊಳ್ಳಲಿಲ್ಲ, ಪದ್ಯಾಣರು ಇದ್ದಾರೋ ಎಂದಷ್ಟೇ ನೋಡಿದರು.

ಇಡೀ ರಾತ್ರಿಯ ಪರ ಮಾತಾಡುವಾಗ ನಾವು ಮರೆಯುವ ಒಂದು ಸಂಗತಿ ಬಸ್ಸು. ರಾತ್ರಿ ಎಂಟರ ಮೇಲೆ ಸುಳ್ಯದಿಂದಾಗಲಿ ಕಡಬದಿಂದಾಗಲಿ ಒಳಗಿನ ಹಳ್ಳಿಗೆ ಬಸ್ಸಿರಲಿಲ್ಲ. ನಡುರಾತ್ರಿ ಆಟ ಮುಗಿದಿದ್ದರೆ ಗುಡ್ಡೆ ಇಳಿದು ಹೊಳೆ ದಾಟಿ ಮನೆಗೆ ಹೋಗುವುದು ಹೇಗೆ? ಬೆಳಕು ಹರಿಯುವವರೆಗೆ ಕೂರಿಸಿ ಮೊದಲ ಬಸ್ಸಿಗೆ ಕಳುಹಿಸುವ ಜವಾಬ್ದಾರಿ ಆಟದ್ದಾಗಿತ್ತು. ಶುಂಭನ ವಧೆ ಕೋಳಿ ಕೂಗುವ ಹೊತ್ತಿಗೆ ಆಗುತ್ತಿದ್ದುದರಲ್ಲಿ ಪುರಾಣದಷ್ಟೇ ಪಾಲು ಈ ಕತ್ತಲೆಯ ದಾರಿಗೂ ಇದೆ. ಮನೆಗೊಂದು ಬೈಕು ಬಂದ ದಿನವೇ ಅರ್ಧ ಜನ ಮಹಿಷಾಸುರ ಮುಗಿಸಿ ಎದ್ದು ಹೋಗತೊಡಗಿದ್ದರು. ಬೆಳಗಿನ ಜಾವದ ರಕ್ತಬೀಜ ಖಾಲಿ ಕುರ್ಚಿಗಳ ಮುಂದೆ ಅರ್ಥ ಹೇಳುವುದನ್ನು ನೋಡಿದವರಿಗೆ, ಪಾದಯಾತ್ರೆಯ ಫೋಟೋದಲ್ಲಿ ಅಷ್ಟೊಂದು ಜನ ಕಂಡಾಗ ಸ್ವಲ್ಪ ನಗು ಬಂದಿದ್ದರೆ ತಪ್ಪಲ್ಲ.

ಹಾಗೆಂದು ರಾತ್ರಿಯ ಹಸಿವು ಸತ್ತಿಲ್ಲ. ಸುಳ್ಯ ತಾಲೂಕಿನ ಕಲ್ಲುಗುಂಡಿಯ ಶಾಲೆಯ ಅಂಗಳದಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವಕ್ಕೆ ದೂರದೂರದಿಂದ ಜನ ಬಂದು ಗಂಟೆಗಟ್ಟಲೆ ಕೂರುತ್ತಾರೆ. ಒಂದೇ ರಂಗಸ್ಥಳದಲ್ಲಿ ಬೇರೆ ಬೇರೆ ಮೇಳಗಳ ಆಯ್ದ ವೇಷಗಳನ್ನೂ ಭಾಗವತರನ್ನೂ ಕಾಣಬಹುದು ಎಂಬುದು ಆಕರ್ಷಣೆ. ಕೂಡಾಟ ಮೊದಲೂ ಇತ್ತು. ಆದರೆ ಇಂಥವರ ಪದ್ಯಕ್ಕೆ ಇಂಥವರೇ ಕುಣಿಯಬೇಕೆಂಬ ಅಭಿಮಾನಿಯ ಕನಸಿನ ಪಟ್ಟಿ ಹೀಗೆ ಕರಪತ್ರವಾಗಿ ಅಚ್ಚಾಗುವುದು ಈ ಕಾಲದ್ದು. ಮೇಳವೊಂದು ಆರು ತಿಂಗಳು ಜೊತೆಯಲ್ಲಿ ತಿರುಗಿ, ಒಬ್ಬರ ಉಸಿರು ಒಬ್ಬರಿಗೆ ತಿಳಿದು ಏರುವ ರಂಗ ಇಲ್ಲಿ ಸಿಗುವುದಿಲ್ಲ. ತಾರೆಗಳು ಸಿಗುತ್ತಾರೆ. ಮೊದಲನೆಯದು ಯಾವಾಗ ಕಡಿಮೆಯಾಯಿತೆಂದು ಯಾರೂ ಪಾದಯಾತ್ರೆ ಮಾಡಲಿಲ್ಲ.

ಈಗ ಕಡಬದ ಆಚೆ ಯಾರದ್ದಾದರೂ ಅಂಗಳದಲ್ಲಿ ದೇವೀ ಮಹಾತ್ಮೆ ಇದೆಯೆಂದರೆ ಮಧ್ಯಾಹ್ನದಿಂದಲೇ ಆ ಮನೆಗೆ ಫೋನು ಬರತೊಡಗುತ್ತದೆ. ಅನ್ನಸಂತರ್ಪಣೆಯ ಹೊತ್ತನ್ನು ಯಾರೂ ಕೇಳುವುದಿಲ್ಲ. ‘ಸೊಸೈಟಿಗೆ ಹಾಲು ಕೊಟ್ಟು, ಮಿಂದು ಹೊರಟರೆ ಮಹಿಷಾಸುರ ಸಿಗುತ್ತದಾ?’ ಎಂದು ಕೇಳುತ್ತಾರೆ. ಸೇವೆಕರ್ತ ಚೌಕಿಗೆ ಹೋಗಿ ವಿಚಾರಿಸುತ್ತಾನೆ. ಚುಟ್ಟಿ ಇಡುತ್ತ ಕೂತ ವೇಷಧಾರಿ ಬಾಯಿ ಅಲ್ಲಾಡಿಸಲಾರದೆ, ಕೈಬೆರಳು ಎತ್ತಿ ಗಂಟೆ ತೋರಿಸುತ್ತಾನೆ.