ಬೆಟ್ಟ ಹಿಡಿದ ನಕ್ಷೆ, ಕೆರೆ ಹಿಡಿದ ನಕ್ಷೆ: ಬಸರಾಳು ಸೀಮೆಯ ಭೂಮಾಪನದ ಬಗ್ಗೆ ಒಂದು ಟಿಪ್ಪಣಿ

ಬಸರಾಳು ಸೇರಿರುವುದು ಮಂಡ್ಯ ತಾಲ್ಲೂಕಿಗೆ; ನೆಲದ ಗುಣ ಮಾತ್ರ ನಾಗಮಂಗಲದ ಕಡೆಯದು. ಕುರುಚಲು ಗುಡ್ಡ, ಕಲ್ಲುನೆಲ, ಬಹುಮಟ್ಟಿಗೆ ಮಳೆ ನಂಬಿದ ಹೊಲ. ಇಂಥ ಸೀಮೆಯನ್ನು ಉಪಕರಣ ಹಿಡಿದು ಅಳೆಯುವ ಕೆಲಸ ಮೊದಲಾದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಆ ಮುತ್ತಿಗೆಯಲ್ಲಿದ್ದ ಇಬ್ಬರು ಸೈನ್ಯಾಧಿಕಾರಿಗಳೇ ಮೈಸೂರು ರಾಜ್ಯದಲ್ಲಿ ಎರಡು ಸರ್ವೆಗಳನ್ನು ಕೈಗೊಂಡರು. ನಮ್ಮ ಬರಹಗಳಲ್ಲಿ ಇವೆರಡೂ ಕಲಸಿಹೋಗುವುದುಂಟು.

ಇಬ್ಬರಲ್ಲಿ ಒಬ್ಬನಾದ ವಿಲಿಯಂ ಲ್ಯಾಂಬ್ಟನ್‌ಗೆ ಬೇಕಾದದ್ದು ಬೆಟ್ಟದ ತುದಿ. 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ರೇಖೆ ಅಳೆದು, ಶಿಖರದಿಂದ ಶಿಖರಕ್ಕೆ ತ್ರಿಕೋನ ಹೆಣೆಯುತ್ತ ಮಂಗಳೂರಿನ ಕರಾವಳಿ ಮುಟ್ಟಿದ. ಪರ್ಯಾಯದ್ವೀಪದ ಅಗಲ ಹಳೆಯ ನಕ್ಷೆಗಳು ಹೇಳಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ಹೊರಟಿತು. ಎತ್ತರದ ಬೆಟ್ಟವಿಲ್ಲದ ಬಸರಾಳಿನಂಥ ಊರಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಇನ್ನೊಬ್ಬ ಕಾಲಿನ್ ಮೆಕೆಂಝಿ; ಅವನ ಮೈಸೂರು ಸರ್ವೆ ಬೇರೆ ಬಗೆಯದು. ಸುಮಾರು 40,000 ಚದರ ಮೈಲಿಯ ಈ ಕೆಲಸವೂ ತ್ರಿಕೋನಗಳ ಮೇಲೆಯೇ ನಿಂತಿತ್ತು, ನಿಜ. ಆದರೆ ಊರು, ಕೆರೆ, ದಾರಿ, ಬೆಳೆ, ಜನ ಎಲ್ಲವೂ ಅದರೊಳಗೆ ಬಂದವು. ಮೆಕೆಂಝಿಯ ಸಹಾಯಕರಾದ ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಬೋರಯ್ಯ ತೀರಿಕೊಂಡ ಮೇಲೆ ಅವನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಇವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ (ಊರಿನ ವೃತ್ತಾಂತಗಳನ್ನು) ಕೂಡಿಸಿದರು. ಸರ್ವೆಯ ಕೀರ್ತಿ ಮೆಕೆಂಝಿಯೊಬ್ಬನಿಗೇ ಸಲ್ಲುತ್ತ ಬಂದದ್ದು ನ್ಯಾಯವಲ್ಲ.

ಬಸರಾಳಿಗೆ ಮೆಕೆಂಝಿಯ ಸರ್ವೆಯಿಂದ ಆಗುವ ಉಪಯೋಗವಿದು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಇಲ್ಲಿದೆ. ಆ ಕಾಲದ ದತ್ತಿಶಾಸನಗಳು ಸೀಮೆಯನ್ನು ದಿಕ್ಕಿನ ಕ್ರಮದಲ್ಲಿ ಹೇಳುತ್ತವೆ: ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ನೆಟ್ಟ ಕಲ್ಲು ಎಂಬ ಬಗೆಯಲ್ಲಿ. ಅದೂ ಮಾತಿನಲ್ಲಿ ಬರೆದ ನಕ್ಷೆಯೇ; ಅದರ ಕೆರೆಗಳನ್ನು ಸರ್ವೆಯ ಕೆರೆಗಳೊಡನೆ ಹೋಲಿಸಿ ಹಳೆಯ ಎಲ್ಲೆ ಹುಡುಕಬಹುದು. ಗುಡ್ಡದ ಮಾತು ಬೇರೆ: ಸರ್ವೆ ಕಾಲದ ಹಳೆಯ ನಕ್ಷೆಗಳಲ್ಲಿ ಗುಡ್ಡದ ಇಳಿಜಾರು ಸಣ್ಣ ಗೀಟುಗಳಲ್ಲಿ ಅಂದಾಜಾಗಿ ಮೂಡಿದೆ. ನಿಖರ ಸಮೋನ್ನತ ರೇಖೆಗಳು ಬಂದದ್ದು ಬಹಳ ಈಚೆಗೆ. ಹಾಗಾಗಿ ಗುಡ್ಡದ ಆಕಾರವನ್ನು ನಂಬಿ ಹಳೆಯ ಎಲ್ಲೆ ಹುಡುಕುವುದು ಅಪಾಯ. ಕೆರೆಯ ಏರಿ ಅಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ.

ಬಸರಾಳು ಸೀಮೆಯ ಮೇಲೆ ಕೆಲಸ ಮಾಡುವವರು ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ 7ನೆಯ ಸಂಪುಟವನ್ನೂ ಸರ್ವೆ ಆಫ್ ಇಂಡಿಯಾದ 57 ಡಿ ಹಾಳೆಗಳನ್ನೂ ಒಟ್ಟಿಗೆ ಬಿಚ್ಚಿಟ್ಟುಕೊಳ್ಳಬೇಕು. ಮೊದಲು ಕೆರೆಗಳನ್ನು ಗುರುತಿಸಿಕೊಂಡು ಆಮೇಲೆ ಗುಡ್ಡಗಳಿಗೆ ಹೋಗಲಿ.