ಹಳ್ಳೂರಿನ ಚಿತ್ರಿತ ಮಡಕೆಗಳು ಮತ್ತು ಕರ್ತೃನಿರ್ಣಯದ ಪ್ರಶ್ನೆ

ರಾಣೆಬೆನ್ನೂರಿನ ದಕ್ಷಿಣಕ್ಕೆ, ತುಂಗಭದ್ರೆಯ ಎಡದಂಡೆಯ ಮೇಲಿರುವ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ, ನವಶಿಲಾಯುಗದ ಸ್ತರಗಳ ಮೇಲೆ ಕಬ್ಬಿಣದೊಡನೆ ಕಪ್ಪು-ಕೆಂಪು ಮಡಕೆಗಳು ದೊರೆತವು. ಅವುಗಳಲ್ಲಿ ಕೆಲವುಗಳ ಮೇಲೆ ಬಿಳಿಯ ಬಣ್ಣದ ಗೆರೆಗಳುಂಟು. ಇಂಗಾಲದ ಪರೀಕ್ಷೆಯು ಇಲ್ಲಿಯ ಕಬ್ಬಿಣದ ಆರಂಭವನ್ನು ಕ್ರಿ.ಪೂ. ಸುಮಾರು 1000ಕ್ಕೆ ಒಯ್ದುದರಿಂದ ವಿದ್ವಾಂಸರ ಗಮನವೆಲ್ಲ ಲೋಹದ ಕಡೆಗೆ ಹರಿಯಿತು. ಗೆರೆಗಳನ್ನು ಎಳೆದವರು ಯಾರೆಂಬ ಪ್ರಶ್ನೆ ಹಿಂದುಳಿಯಿತು.

ಇಂಥ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಬೆಳೆಸಿದವರು ಗ್ರೀಕ್ ಕಲೆಯ ಅಭ್ಯಾಸಿಗಳು. ಕ್ರಿ.ಪೂ. ಆರನೆಯ ಶತಮಾನದ ಅಥೆನ್ಸಿನಲ್ಲಿ ಚಿತ್ರಕಾರನು ಕೆಂಪು ಮಣ್ಣಿನ ಪಾತ್ರೆಯ ಮೇಲೆ ಕಪ್ಪು ಆಕೃತಿಗಳನ್ನು ಬರೆದು, ಮೊನಚಾದ ಸಾಧನದಿಂದ ಅವುಗಳ ಒಳಗೆರೆಗಳನ್ನು ಕೊರೆಯುತ್ತಿದ್ದನು. ಎಕ್ಸೀಕಿಯಾಸನಂಥವರು ತಮ್ಮ ಹೆಸರನ್ನೇ ಬರೆದಿದ್ದಾರೆ, ಹೆಚ್ಚಿನವರು ಬರೆದಿಲ್ಲ. ಮೊರೆಲ್ಲಿಯು ವರ್ಣಚಿತ್ರಗಳಿಗೆ ಅನ್ವಯಿಸಿದ್ದ ಕ್ರಮವನ್ನು ಹಿಡಿದು, ಜೆ. ಡಿ. ಬೀಸ್ಲಿಯವರು ಕಿವಿ, ಮೊಣಕಾಲು, ಬಟ್ಟೆಯ ಮಡಿಕೆಗಳನ್ನು ಹೋಲಿಸಿ ಅನಾಮಧೇಯರ ಕೈಗಳನ್ನು ಬೇರ್ಪಡಿಸಿದರು; ಕಪ್ಪು ಆಕೃತಿಯ ಪಾತ್ರೆಗಳ ಅವರ ಸೂಚಿ 1956ರಲ್ಲಿ ಹೊರಬಂದಿತು. ಅಮಾಸಿಸ್ ಎಂಬುದು ಕುಂಬಾರನ ಸಹಿ. ಆ ಪಾತ್ರೆಗಳ ಚಿತ್ರಕಾರನ ಹೆಸರು ತಿಳಿಯದು, ಕೈ ಮಾತ್ರ ತಿಳಿದಿದೆ. ಕಲಾವಿದನು ಯೋಚಿಸಿ ಮಾಡಿದ್ದಕ್ಕಿಂತ ಯೋಚಿಸದೆ ಮಾಡಿದ್ದೇ ಇಲ್ಲಿ ಸಾಕ್ಷಿ.

ಹಳ್ಳೂರಿನಲ್ಲಿ ಕಿವಿಯೂ ಇಲ್ಲ, ಮೊಣಕಾಲೂ ಇಲ್ಲ. ಇರುವುದು ಬರಿಯ ಗೆರೆ. ಆದುದರಿಂದ ನಮ್ಮಲ್ಲಿ ಕರ್ತೃವಿನ ಸ್ಥಾನಕ್ಕೆ ಒಂದು ‘ಜನಾಂಗ’ವನ್ನು ತಂದು ಕೂರಿಸುವ ಅಭ್ಯಾಸ ಬೆಳೆಯಿತು. ರಾಜಸ್ಥಾನದ ಆಹಾಡದಲ್ಲಿಯೂ ಬಿಳಿಗೆರೆಯ ಕಪ್ಪು-ಕೆಂಪು ಮಡಕೆಗಳಿವೆ. ಅವು ಹಳ್ಳೂರಿಗಿಂತ ಬಹಳ ಹಿಂದಿನವು. ಅಷ್ಟರಿಂದಲೇ ಅಲ್ಲಿಯವರು ತುಂಗಭದ್ರೆಗೆ ವಲಸೆ ಬಂದರೆಂದು ಹೇಳಬಹುದೆ? ಹೇಳಲಾಗದೆಂದೇ ನನ್ನ ಅಭಿಪ್ರಾಯ. ಮಡಕೆಯನ್ನು ಬೋರಲಾಗಿಟ್ಟು ಸುಟ್ಟರೆ ಗಾಳಿ ತಾಗದ ಒಳಮೈಯೂ ಬಾಯಂಚೂ ಕಪ್ಪಾಗಿ, ಹೊರಮೈ ಕೆಂಪಾಗುವುದೆಂಬುದು ಸಾಮಾನ್ಯ ವಿವರಣೆ. ಅದು ಆವಿಗೆಯ ಗುಣ. ಲೋಥಲ್‌ನಲ್ಲಿಯೂ, 1947ರಲ್ಲಿ ವೀಲರ್ ಅಗೆಸಿದ ಬ್ರಹ್ಮಗಿರಿಯ ಬೃಹತ್‌ಶಿಲಾ ಗೋರಿಗಳಲ್ಲಿಯೂ ಅದೇ ಜೋಡುಬಣ್ಣ ಕಾಣುತ್ತದೆ. ಅಥೆನ್ಸಿನ ಪಾತ್ರೆಗಳೆಲ್ಲ ಕಪ್ಪು-ಕೆಂಪೆಂಬ ಕಾರಣಕ್ಕೆ ಅವನ್ನು ಒಬ್ಬನಿಗೇ ಆರೋಪಿಸಿದವರುಂಟೆ!

ಹೋಲಿಸಬೇಕಾದುದು ಬಣ್ಣವನ್ನಲ್ಲ: ಗೆರೆಗಳ ನಡುವಣ ಅಂತರ, ಕುಂಚ ಇಳಿದ ಮತ್ತು ಎದ್ದ ಜಾಗ, ಬಾಯಂಚಿನ ಬಾಗು. ಹಾವೇರಿ, ಬ್ಯಾಡಗಿಗಳ ಕಡೆಯ ವಿದ್ಯಾರ್ಥಿಗಳಿಗೆ ನೇಗಿಲ ಸಾಲಿನಲ್ಲಿ ಇಂಥ ಚೂರು ಕಂಡರೆ, ಅದನ್ನು ಕಿಸೆಗೆ ಹಾಕಿಕೊಳ್ಳದೆ, ಹೊಲವನ್ನು ಗುರುತಿಸಿ, ಅಂಚಿನ ನಕ್ಷೆ ತೆಗೆದು, ತಮ್ಮ ಅಧ್ಯಾಪಕರಿಗೆ ತಿಳಿಸಲಿ.