ಅರವತ್ತು ಪೌಂಡಿನ ಹೊರೆ

ಅಮೆರಿಕದಲ್ಲಿ ಬೇಟೆಗೆ ಹೊರಡುವ ಅನೇಕರು ಈಗ ಏರುವುದು ‘ಕ್ವಾಡ್’ ಎಂಬ ಪುಟ್ಟ ಬಂಡಿಯನ್ನು. ದಪ್ಪ ಟೈರಿನ ನಾಲ್ಕು ಗಾಲಿ, ಮೋಟಾರ್ ಸೈಕಲ್ಲಿನಂಥ ಆಸನ. ಹೋಂಡಾದವರು 1970ರಲ್ಲಿ ಮೂರು ಗಾಲಿಯದನ್ನು ಮಾರಲು ತೊಡಗಿದರು. ಸುಜುಕಿಯವರು 1982ರಲ್ಲಿ ನಾಲ್ಕನೆಯ ಗಾಲಿ ಸೇರಿಸಿದರು. ಮಗುಚಿಕೊಳ್ಳುವುದಕ್ಕೇ ಹೆಸರಾದ ಮೂರು ಗಾಲಿಯದು 1988ರಲ್ಲಿ ಅಲ್ಲಿನ ಮಾರಾಟದಿಂದ ಹಿಂದೆ ಸರಿಯಿತು. ಬಂಡಿಯ ಮುಂದೊಂದು, ಹಿಂದೊಂದು ಉಕ್ಕಿನ ಚೌಕಟ್ಟು. ಸಾಮಾನೆಲ್ಲ ಅದರ ಮೇಲೆ. ಬಂದೂಕಿನ ಪೆಟ್ಟಿಗೆ, ಹಗ್ಗ, ಟಾರ್ಪಾಲು, ನೀರು, ಹೆಚ್ಚಿನ ಪೆಟ್ರೋಲು, ಔಷಧದ ಡಬ್ಬಿ, ಹಿಂತಿರುಗುವಾಗ ಕೊಂದ ಮೃಗ. ಭಾರ ಮಿತಿಮೀರಿದರೆ ದಿಣ್ಣೆಯಲ್ಲಿ ಬಂಡಿ ಉರುಳುತ್ತದೆ. ಹೋಂಡಾದ ‘ರಾಂಚರ್’ ಮಾದರಿಗೆ ಹಿಂದೆ 133 ಪೌಂಡು, ಮುಂದೆ 66 ಪೌಂಡು ಎಂದು ಕಟ್ಟು ಹಾಕಿದ್ದಾರೆ.

ಈ ಮುಂದಿನ ಚೌಕಟ್ಟಿನ ಲೆಕ್ಕ ಓದಿದಾಗ ನಮಗೆ ಹಳೆಯ ಕಾಲದ ಇನ್ನೊಂದು ಅಂಕೆ ನೆನಪಾಯಿತು. ಪೂರ್ವ ಆಫ್ರಿಕದ ಬೇಟೆಯ ಪ್ರಯಾಣಗಳಲ್ಲಿ ಒಂದು ಹೊರೆಯೆಂದರೆ 60 ಪೌಂಡು. ಹೊರುತ್ತಿದ್ದದ್ದು ಮಾತ್ರ ಬಂಡಿಯಲ್ಲ, ಮನುಷ್ಯನ ತಲೆ.

ಈ ಲೆಕ್ಕ ಚೆನ್ನಾಗಿ ಕಾಣುವುದು ಥಿಯೋಡರ್ ರೂಸ್‌ವೆಲ್ಟರ ಬೇಟೆಯಲ್ಲಿ. (ಎರಡನೆಯ ಮಹಾಯುದ್ಧದ ಕಾಲದವರಲ್ಲ, ಅವರ ದೂರದ ಬಂಧು.) 1909ರ ಮಾರ್ಚಿಯಲ್ಲಿ ಅಮೆರಿಕದ ಅಧ್ಯಕ್ಷಗಿರಿಯಿಂದ ಇಳಿದು, ಏಪ್ರಿಲ್ 21ರಂದು ಮಗ ಕರ್ಮಿಟ್‌ನೊಡನೆ ಮೊಂಬಾಸಾ ತಲುಪಿದರು. ಸ್ಮಿತ್‌ಸೋನಿಯನ್ ಸಂಸ್ಥೆಗೆ ಪ್ರಾಣಿಗಳನ್ನು ಸಂಗ್ರಹಿಸುವುದು ಉದ್ದೇಶ. ಜೊತೆಗೆ ಮೂವರು ತಜ್ಞರು. ಅಲ್ಲಿಂದ ಒಳನಾಡಿಗೆ ಹೋದದ್ದು ರೈಲಿನಲ್ಲಿ. ಆ ರೈಲು ಹಾದಿಯನ್ನು 1896ರಿಂದ 1901ರವರೆಗೆ ಕಟ್ಟಿದವರು ನಮ್ಮ ದೇಶದಿಂದ ಒಯ್ದ ಸುಮಾರು 32 ಸಾವಿರ ಕೂಲಿಗಳು. ಎರಡೂವರೆ ಸಾವಿರದಷ್ಟು ಮಂದಿ ಅಲ್ಲೇ ಮಣ್ಣಾದರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಈ ಸಂಖ್ಯೆಯನ್ನು ಹಾಗೆಯೇ ದಾಟಿ ಹೋಗಲಾರೆವು.

ರೈಲು ಇಳಿದ ಮೇಲೆ ನಡಿಗೆ. ಅನೇಕ ಕಡೆ ಟ್ಸೆಟ್ಸೆ ನೊಣದ ಕಾಟದಿಂದ ಎತ್ತು ಕುದುರೆಗಳು ಬದುಕುತ್ತಿರಲಿಲ್ಲ. ಆದ್ದರಿಂದ ಸುಮಾರು 200 ಆಳುಗಳು. ಡೇರೆಗಳು, ಮಂಚ, ಸ್ನಾನದ ತೊಟ್ಟಿ, ತೋಟಾ ಪೆಟ್ಟಿಗೆಗಳು, ಬೀನ್ಸ್, ಟೊಮೇಟೊ, ಪೀಚ್ ಹಣ್ಣಿನ ಡಬ್ಬಗಳು, ಒಂದು ದೊಡ್ಡ ಅಮೆರಿಕನ್ ಬಾವುಟ, ಎಲ್ಲವೂ ಕಟ್ಟುಕಟ್ಟಾಗಿ ತಲೆಯ ಮೇಲೆ. ತಮ್ಮ ನಾಡಿನ ಬಯಲಿನಲ್ಲಿ ಒಂದು ಹಾಸುಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ ರೂಸ್‌ವೆಲ್ಟರಿಗೆ ಈ ವೈಭೋಗ ವಿಚಿತ್ರವೆನಿಸಿತೆಂದು ಅವರೇ ಬರೆದಿದ್ದಾರೆ. ವಿಚಿತ್ರವೆನಿಸಿತು, ಆದರೆ ಬಿಸಿನೀರಿನ ಸ್ನಾನ ಬಿಡಲಿಲ್ಲ!

ಇನ್ನು ಲೆಕ್ಕಕ್ಕೆ ಬರೋಣ. ಆಳೊಬ್ಬನಿಗೆ ದಿನಕ್ಕೆ ಒಂದೂವರೆ ಪೌಂಡು ಹಿಟ್ಟು ಎಂದರೆ 200 ಮಂದಿಗೆ 300 ಪೌಂಡು, ಅಂದರೆ 5 ಹೊರೆ. ಹತ್ತು ದಿನದ ದಾರಿಗೆ 50 ಹೊರೆ. ನಾಲ್ವರಲ್ಲಿ ಒಬ್ಬನು ಹೊರುವುದು ಉಳಿದವರ ಊಟವನ್ನೇ! ರಜೆಗೆ ಊರಿಗೆ ಹೊರಟು, ಬುತ್ತಿಯ ಬುಟ್ಟಿಯೇ ಟ್ರಂಕಿಗಿಂತ ಭಾರವಾದುದನ್ನು ಕಂಡ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಭಾರದ ಸಾಮಾನು ಉಪ್ಪು. ಸೆಕೆಯ ನಾಡಿನಲ್ಲಿ ಸುಲಿದ ತೊಗಲು ಬೇಗನೆ ಕೊಳೆಯುತ್ತದೆ. ಉಪ್ಪು ತಿಕ್ಕಿ ಒಣಗಿಸಬೇಕು. ಅದಕ್ಕಾಗಿ ತಂದ ಉಪ್ಪು 4 ಟನ್ನು, ತಲೆಹೊರೆಯಾಗಿ ಎಣಿಸಿದರೆ 130ಕ್ಕೂ ಮೇಲು. ಒಮ್ಮೆಗೇ ಹೊತ್ತದ್ದಲ್ಲ, ನಿಜ. ಆದರೆ ಉಪ್ಪು ಖರ್ಚಾದಂತೆ ಹೊರೆ ಇಳಿಯಲಿಲ್ಲ. ಅದರ ಜಾಗಕ್ಕೆ ಆನೆಯ, ಖಡ್ಗಮೃಗದ ತೊಗಲು ಬಂದಿತು. ಸಾಯಂಕಾಲ ಬಿಡಾರ ಸೇರುವಾಗ ಈ ಆಳುಗಳು ಹಾಡುತ್ತ, ಡೋಲು ಬಡಿಯುತ್ತ, ಕೊಂಬು ಊದುತ್ತ ಬರುತ್ತಿದ್ದರಂತೆ.

ಒಂದು ಹೊರೆ ಬರಿಯ ಪುಸ್ತಕ. ರೂಸ್‌ವೆಲ್ಟರ ತಂಗಿ ಕೊರಿನ್ ಕೊಟ್ಟ ಉಡುಗೊರೆ: ಹೋಮರ್, ಡಾಂಟೆ, ಷೇಕ್ಸ್‌ಪಿಯರ್ ಮೊದಲಾಗಿ ಸುಮಾರು 60 ಸಂಪುಟಗಳು. ರಕ್ತ, ಬೆವರು, ಬಂದೂಕಿನ ಎಣ್ಣೆಯ ನಡುವೆ ಸಾಮಾನ್ಯ ರಟ್ಟು ಉಳಿಯದೆಂದು ಎಲ್ಲಕ್ಕೂ ಹಂದಿಯ ಚರ್ಮದ ಹೊದಿಕೆ. ಪೆಟ್ಟಿಗೆ ಹಗುರಾದ ಅಲ್ಯುಮಿನಿಯಮ್ಮಿನದು. ಏಕೆಂದರೆ ಪೆಟ್ಟಿಗೆ ಸೇರಿ ಒಟ್ಟು ತೂಕ 60 ಪೌಂಡು ಮೀರಬಾರದು, ಒಬ್ಬನೇ ಆಳು ಹೊರಬೇಕು. ಯಾವ ಕವಿ ಇರಬೇಕು, ಯಾವನನ್ನು ಬಿಡಬೇಕೆಂಬ ತೀರ್ಮಾನದಲ್ಲಿ ಆ ಅಪರಿಚಿತ ತಲೆಗೂ ಒಂದು ಪಾಲಿತ್ತು ಎನ್ನಬೇಕು. ರೂಸ್‌ವೆಲ್ಟರು ತಮ್ಮ ಗ್ರಂಥದ ಕೊನೆಯಲ್ಲಿ ಈ ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ. ಬಂದೂಕು ಹಿಡಿದವರ, ಡೇರೆಯ ಪರಿಚಾರಕರ ಹೆಸರುಗಳೂ ಅಲ್ಲಿವೆ. ತಲೆಹೊರೆಯವರು ಬಹುಮಟ್ಟಿಗೆ ಸಂಖ್ಯೆಯಾಗಿಯೇ ಬಂದು ಹೋಗುತ್ತಾರೆ.

1910ರ ಮಾರ್ಚಿಯಲ್ಲಿ ತಂಡ ಖಾರ್ಟೂಮ್ ಸೇರಿತು. ತಂದೆ ಮಗ ಕೊಂದ ದೊಡ್ಡ ಮೃಗಗಳು 512. ಒಟ್ಟು ಸಂಗ್ರಹ 11 ಸಾವಿರಕ್ಕೂ ಮಿಕ್ಕಿತ್ತು. ಇವುಗಳಲ್ಲಿ ನೈಲ್ ನದಿಯ ದಂಡೆಯ ಲಾಡೊ ಪ್ರದೇಶದಲ್ಲಿ ಹೊಡೆದ 9 ಬಿಳಿ ಖಡ್ಗಮೃಗಗಳೂ ಸೇರಿವೆ. ಆ ಜಾತಿ ವಿರಳವೆಂಬುದು ಅವರಿಗೆ ಗೊತ್ತಿತ್ತು; ವಿರಳವಾದುದರಿಂದಲೇ ಮ್ಯೂಸಿಯಮ್ಮಿಗೆ ಬೇಕೆಂಬುದು ಆ ಕಾಲದ ವಾದ. ನಮಗೆ ಆ ವಾದ ಒಪ್ಪಿಗೆಯಾಗದು. ಕೀನ್ಯಾ 1977ರಲ್ಲಿ ಬೇಟೆಯನ್ನೇ ನಿಷೇಧಿಸಿತು. ಅದೇ ಉತ್ತರದ ಬಿಳಿ ಖಡ್ಗಮೃಗಗಳ ಕೊನೆಯ ಗಂಡು 2018ರ ಮಾರ್ಚಿಯಲ್ಲಿ ಅಲ್ಲಿ ಸತ್ತಿತು. ಆಗ ಉಳಿದದ್ದು ಎರಡು ಹೆಣ್ಣು.

ಹಂದಿಚರ್ಮದ ಆ ಪುಸ್ತಕಗಳು ಮಾತ್ರ ಸುರಕ್ಷಿತವಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿವೆ.